ಸಮಸ್ಯಾಪೂರಣ: ‘ಕಳೆದುಕೊಂಡುದೆ ಕೈಯ ತುಂಬಿತು ದೇವ ಕೊಟ್ಟಂತೆ’

ಸಮಸ್ಯೆ ಕೊಟ್ಟವರು, ಹಾಸನ

ಈ ಸಲದ ಸಮಸ್ಯೆ ಭಾಮಿನಿ ಷಟ್ಪದಿಯ ಆರನೆಯ ಸಾಲು. ಮೊದಲ ಐದು ಸಾಲುಗಳನ್ನು ನೀವು ಕಟ್ಟಬೇಕು. 1, 2, 4, 5ನೆಯ ಸಾಲುಗಳಿಗೆ ಮೂರು-ನಾಲ್ಕರ ಗಣಗಳಲ್ಲಿ 14 ಮಾತ್ರೆ, ಮೂರನೆಯದಕ್ಕೆ 21 ಮಾತ್ರೆ ಮತ್ತು ಕೊನೆಗೊಂದು ಗುರು. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ಳಕಾರ; ಅದರ ಹಿಂದಿನದು ಲಘು. ಕಳೆದುಕೊಂಡದ್ದು ಕಾಲವೇ ಆಗಿರಬೇಕು ಎಂಬುದೊಂದೇ ಷರತ್ತು. ಒಡವೆ, ಹಣ, ಹೊಲ ಬೇಡ.

ಈ ಸಾಲನ್ನೇ ಆರಿಸಿದ್ದಕ್ಕೆ ಕಾರಣವಿದೆ. ಹೊತ್ತು ಹೋಯಿತು, ವಯಸ್ಸು ಹೋಯಿತು ಎಂದು ಹಲುಬುವ ಪದ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾಲನೆಂದರೆ ಯಮನೇ ಎಂಬಷ್ಟು ಆ ಭಯ ಬೇರೂರಿದೆ. ಗೀತೆಯ 11ನೆಯ ಅಧ್ಯಾಯದಲ್ಲಿ ಲೋಕವನ್ನು ಕ್ಷಯಗೊಳಿಸುವ ಕಾಲ ತಾನೆಂದು ಹೇಳುವ ಭಗವಂತನೇ ಅದಕ್ಕೆ ಮೊದಲು, 10ನೆಯ ಅಧ್ಯಾಯದಲ್ಲಿ, ತಾನು ಅಕ್ಷಯವಾದ ಕಾಲವೆಂದೂ ಎಲ್ಲರನ್ನೂ ಪೊರೆಯುವ ಧಾತೃವೆಂದೂ ಒಂದೇ ಶ್ಲೋಕದಲ್ಲಿ ಹೇಳಿದ್ದಾನೆ. ಆ ಮೊದಲ ಮಾತನ್ನು ನಾವು ಮರೆತಂತಿದೆ. ಕಳೆಯುವುದೇ ಕೊಡುವ ಬಗೆ ಎಂಬುದನ್ನು ಪದ್ಯದಲ್ಲಿ ಕಾಣಿಸಿ.

ಮೂಡಿಗೆರೆಯಿಂದ

ಮಳೆಗೆ ಕಾಫಿಯ ಹೂವು ಬಿರಿದುದು
ಬೆಳಗಿ ಮೂರೇ ದಿನಕೆ ಬಾಡಿತು
ಗಳಿಗೆ ಗಳಿಗೆಗೆ ಗೆಲ್ಲ ಗಿಣ್ಣಲಿ ಕಾಯಿ ಕೆಂಪಾಯ್ತು
ಎಳೆಯ ಬಿಸಿಲಲಿ ಬುಟ್ಟಿ ಕಟ್ಟುತ
ತಳಿರ ನಡುವಿನ ಹಣ್ಣ ಬಿಡಿಸಲು
ಕಳೆದುಕೊಂಡುದೆ ಕೈಯ ತುಂಬಿತು ದೇವ ಕೊಟ್ಟಂತೆ

ಬಯಲುಸೀಮೆಯವರಿಗಾಗಿ ಎರಡು ಮಾತು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಕಂಪು ರಸ್ತೆಯವರೆಗೂ ಬರುತ್ತದೆ, ಮೂರು ನಾಲ್ಕು ದಿನಗಳಲ್ಲಿ ಎಲ್ಲವೂ ಕಂದಿ ಉದುರುತ್ತದೆ. ಆಮೇಲೆ ಅರೇಬಿಕಾ ಹಣ್ಣಾಗಲು 8–9 ತಿಂಗಳು ಬೇಕು, ರೊಬಸ್ಟಾಕ್ಕೆ 10–11. ಎಷ್ಟೇ ಗೊಬ್ಬರ ಸುರಿದರೂ ಆ ತಿಂಗಳುಗಳನ್ನು ದಾಟಿ ಹೋಗುವ ಉಪಾಯವಿಲ್ಲ. ಕುಯ್ಲಿನ ದಿನ ಬೆರಳಿಗಂಟುವ ಆ ಸಿಹಿ ಅಂಟು, ನನ್ನ ಮಟ್ಟಿಗೆ, ಕಳೆದ ತಿಂಗಳುಗಳೇ.

ಚಿಕ್ಕಮಗಳೂರಿನಿಂದ

ಪದ್ಯದ ನಡೆ ಚೆನ್ನಾಗಿದೆ. ಆದರೆ ಇಲ್ಲಿ ಕಳೆದುಕೊಂಡದ್ದು ಹೂವು ತಾನೆ, ಕಾಲವೆಲ್ಲಿ?

ಸಮಸ್ಯೆ ಕೊಟ್ಟವರು

‘ಗಳಿಗೆ ಗಳಿಗೆಗೆ’ ಎಂಬಲ್ಲಿ ಕಾಲವಿದೆ. ಹೂವು ಹೋದದ್ದು ಕಣ್ಣಿಗೆ ಬೀಳುತ್ತದೆ, ಗಳಿಗೆ ಹೋದದ್ದು ಬೀಳುವುದಿಲ್ಲ. ಕಾಣದ್ದನ್ನು ಕಾಣುವುದರ ಜೊತೆಗಿಟ್ಟು ಹೇಳಿರುವುದರಿಂದ ಷರತ್ತು ಸಂದಿದೆ ಎಂದೇ ನನ್ನ ತೀರ್ಮಾನ.

ಹಾಸನದಿಂದ, ಇನ್ನೊಬ್ಬರು

ಬೆಳಗಿ ದೀಪವ ಬಾಗಿಲೆಳೆದರು
ಉಳಿದ ದಿನಗಳ ಕತ್ತಲಲ್ಲಿಯು
ಬೆಳಕು ನಂದದೆ ಹೂವು ಬಾಡದೆ ತಾಯಿ ಕಾದಿಹಳು
ಚಳಿಯ ಸಾಲಲಿ ನಿಂತ ಮುದುಕಿಗೆ
ಹಳೆಯ ವರುಷಗಳೆಲ್ಲ ಹೊಳೆದುವು
ಕಳೆದುಕೊಂಡುದೆ ಕೈಯ ತುಂಬಿತು ದೇವ ಕೊಟ್ಟಂತೆ

ನಮ್ಮೂರಿನ ಹಾಸನಾಂಬೆಯ ಗುಡಿ ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದು, ದೀಪಾವಳಿಯ ಬಲಿಪಾಡ್ಯಮಿಯ ವೇಳೆಗೆ ಮತ್ತೆ ಮುಚ್ಚುತ್ತದೆ. ಹಿಂದಿನ ವರ್ಷ ಹಚ್ಚಿದ ದೀಪ ಆರದೆ ಉರಿಯುತ್ತಿರುತ್ತದೆ, ಏರಿಸಿದ ಹೂವು ಬಾಡಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಆ ಬಾಗಿಲು ಮುಚ್ಚಿದ ತಿಂಗಳುಗಳಲ್ಲೂ ಯಾರೋ ನಮ್ಮ ಕಾಲವನ್ನು ಕಾಯುತ್ತಿದ್ದಾರೆ ಎಂಬ ಧೈರ್ಯ ಸರತಿಯಲ್ಲಿ ನಿಂತ ಹಿರಿಯರ ಮುಖದಲ್ಲಿ ಕಾಣುತ್ತದೆ. ಪದ್ಯ ಹುಟ್ಟಿದ್ದು ಅಲ್ಲಿಂದ.

ಸಮಸ್ಯೆ ಕೊಟ್ಟವರು

ನಾಲ್ಕನೆಯ ಸಾಲು ಬಹಳ ಹಿಡಿಸಿತು.

ಬೇಲೂರಿನಿಂದ

ಉಳಿಯ ಪೆಟ್ಟಿಗೆ ಚೆಕ್ಕೆ ಹಾರಿತು
ಕಳೆದ ಕಲ್ಲಿನೊಳಿಂದ ಮೂಡಿತು
ಬಳೆಯ ತೊಟ್ಟಿಹ ತೋಳು ಕನ್ನಡಿ ಹಿಡಿದ ಸುಂದರಿಯು
ಅಳಿದ ದಿನಗಳ ಚೆಕ್ಕೆ ಸಿಡಿದರೆ
ಒಳಗಿನರಿವಿಗೆ ರೂಪ ಬಂದಿತು
ಕಳೆದುಕೊಂಡುದೆ ಕೈಯ ತುಂಬಿತು ದೇವ ಕೊಟ್ಟಂತೆ

1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ದರ್ಪಣಸುಂದರಿಯನ್ನು ನೆನೆದು ಬರೆದದ್ದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಉಳಿಗೆ ಮೆದುವಾಗಿದ್ದು, ಗಾಳಿಗೆ ಮೈಯೊಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಒಂಬತ್ತು ಶತಮಾನಗಳು ಕಳೆದದ್ದರಿಂದ ಆ ಶಿಲ್ಪ ನಮಗೆ ದಕ್ಕಿದೆಯೇ ಹೊರತು, ಅವು ಕಳೆದರೂ ದಕ್ಕಿತು ಎಂದು ನಾನು ಹೇಳಲಾರೆ.

ಚಿಕ್ಕಮಗಳೂರಿನಿಂದ

ಇಲ್ಲಿಯವರೆಗಿನ ಕಲ್ಪನೆಗಳಲ್ಲಿ ಇದೇ ದೊಡ್ಡದು. ಆದರೂ ಸಮಸ್ಯೆಯ ಸಾಲು ಪದ್ಯಕ್ಕೆ ಬೆಸೆದುಕೊಂಡಿಲ್ಲ. ಅರಿವಿಗೆ ರೂಪ ಬಂದರೆ ಕೈ ತುಂಬುವುದು ಹೇಗೆ? ಚೆಕ್ಕೆ ನೆಲಕ್ಕೆ ಬಿತ್ತು, ಸುಂದರಿ ಕಂಬದ ಮೇಲೆ ನಿಂತಳು, ಕೈ ಬರಿದಾಗಿಯೇ ಉಳಿಯಿತು. 4, 5ನೆಯ ಸಾಲುಗಳನ್ನು ಹೀಗೆ ತಿರುಗಿಸಿದರೆ ಒಪ್ಪುವಿರಾ:

ಅಳಿದ ದಿನಗಳು ತಿದ್ದಿ ಕೊಟ್ಟುವು
ತಿಳಿವಿನೀ ಪುತ್ಥಳಿಯನೆನಗೆನೆ

ಬೇಲೂರಿನಿಂದ

ಒಪ್ಪಿದೆ. ಪುತ್ಥಳಿ ಕೈಗೆ ಬಂತು, ದಿನಗಳೇ ಶಿಲ್ಪಿಗಳೂ ಆದವು. ಇನ್ನು ಮುಂದೆ ಈ ಪದ್ಯ ಇಬ್ಬರದು.

ಕಡೂರಿನಿಂದ

ಬೆಳಗು ಬಂದುದು ಕೇಳದೆಯೆ ನಾ
ಗಳಿಸದಿದ್ದರು ದಿನವು ದೊರೆಯಿತು
ಕಳೆದೆನದ ನಾನಳುವ ಮಗುವಿಗೆ ಜೋಗುಳವ ಹಾಡಿ
ಬೆಳೆದ ಮಗಳೀಗೆನ್ನ ಕರವನು
ಎಳೆದು ತನ್ನಯ ಕೈಯೊಳಿಡುವಳು
ಕಳೆದುಕೊಂಡುದೆ ಕೈಯ ತುಂಬಿತು ದೇವ ಕೊಟ್ಟಂತೆ

ಜೈಮಿನಿ ಭಾರತದ ಕವಿ ಲಕ್ಷ್ಮೀಶನ ದೇವನೂರು ನಮ್ಮ ತಾಲ್ಲೂಕಿನದು. ಅವನದು ವಾರ್ಧಕ ಷಟ್ಪದಿ, ನನ್ನದು ಈ ಚಿಕ್ಕ ಭಾಮಿನಿ. ತಪ್ಪಿದ್ದರೆ ತಿದ್ದಿ.

ಸಮಸ್ಯೆ ಕೊಟ್ಟವರು

ತಿದ್ದುವಂಥದ್ದು ಏನೂ ಇಲ್ಲ. ಉಳಿದ ಪೂರಣಗಳಲ್ಲಿ ಕಾಲದ ಕೊಡುಗೆಯನ್ನು ತೋಟದಲ್ಲೋ ಗುಡಿಯಲ್ಲೋ ಕಲ್ಲಿನಲ್ಲೋ ಹುಡುಕಿ ತಂದಿದ್ದೇವೆ. ಇಲ್ಲಿ ಅದು ಮನೆಯೊಳಗೆ ತಾನಾಗಿಯೇ ಇದೆ. ನಾನು ಹೆಚ್ಚು ಮೆಚ್ಚಿದ್ದು ಮೊದಲೆರಡು ಸಾಲುಗಳನ್ನು. ಬೆಳಗನ್ನು ಯಾರೂ ಬೇಡಿರಲಿಲ್ಲ, ದುಡಿದು ಸಂಪಾದಿಸಿಯೂ ಇರಲಿಲ್ಲ. ಹಾಗಿರುವಾಗ ಅದನ್ನು ಇನ್ನೊಬ್ಬರಿಗಾಗಿ ಕಳೆದುಬಿಡುವುದು ನಷ್ಟವಾಗುವುದಾದರೂ ಹೇಗೆ ಎಂಬ ತರ್ಕ, ತರ್ಕವೆಂದು ತೋರದಂತೆ ಬಂದಿದೆ. ಜೋಗುಳಕ್ಕೆ ಸಂದ ರಾತ್ರಿಗಳು ನಿದ್ದೆಗೆಟ್ಟ ರಾತ್ರಿಗಳೇ, ಅದನ್ನು ಹೆತ್ತವರೆಲ್ಲ ಬಲ್ಲರು. ಅವೇ ರಾತ್ರಿಗಳು ಈಗ ಮಗಳ ಬೆರಳುಗಳಾಗಿ ಮರಳಿವೆ.

ಮೂಡಿಗೆರೆಯಿಂದ

ಒಂದು ಸಂದೇಹ. ಮೂರನೆಯ ಸಾಲಿನಲ್ಲಿ ‘ಕಳೆದೆ’ ಎಂದು ಬಂದು, ಆರನೆಯದರಲ್ಲಿ ‘ಕಳೆದು’ ಮತ್ತೆ ಬರುವುದು ಪುನರುಕ್ತಿಯಾಗದೆ?

ಕಡೂರಿನಿಂದ

ಬೇಕೆಂದೇ ಇಟ್ಟದ್ದು. ಮೊದಲ ಸಲ ಕಳೆದವಳು ನಾನು. ಎರಡನೆಯ ಸಲ ಅದನ್ನೇ ಹಿಂದಿರುಗಿಸಿದವನು ದೇವ. ಬೇರೆ ಕ್ರಿಯಾಪದ ಹಾಕಿದರೆ ಈ ಲೆಕ್ಕ ಕಾಣುವುದಿಲ್ಲ.

ಸಮಸ್ಯೆ ಕೊಟ್ಟವರು

ಒಪ್ಪತಕ್ಕ ಉತ್ತರ. ಇನ್ನೂ ಪೂರಣಗಳಿದ್ದರೆ ಕಳಿಸುತ್ತಿರಿ. ಮುಂದಿನ ಸಮಸ್ಯೆಯನ್ನು ಹೇಮಾವತಿಯ ದಂಡೆಯವರು ಕೇಳಿದ್ದರು. ಅದೇ ಛಂದಸ್ಸು, ರಕಾರ ಪ್ರಾಸ: ‘ಹರಿದ ಹೊಳೆಯೇ ನಿಂತ ನೀರಿಗೆ ದಾರಿ ತೋರಿತ್ತು.’