ಪಾಲಿಕೆಗೆ ಸೇರಿದ ಹಳ್ಳಿಯಲ್ಲಿ ಹಿತ್ತಿಲ ಕೋಳಿ: ನಿಯಮ ಬದಲಿಸಲು ಯಾರ ಬಾಗಿಲು ತಟ್ಟಬೇಕು?

ಇಂಡಿ ಲಿಂಬೆ (ಕಿರ್ಕಟವಾಡಿ, ಪುಣೆ) ಕೇಳಿದ್ದು:

ಪುಣೆ, ಮುಂಬೈ, ಗೋವೆಯ ಕನ್ನಡಿಗರಲ್ಲಿ ಕಾನೂನು ಬಲ್ಲವರು, ಕೋಳಿ ಬಲ್ಲವರು ಇಬ್ಬರೂ ಇದ್ದೀರಿ ಎಂದು ಇಲ್ಲಿ ಕೇಳುತ್ತಿದ್ದೇನೆ.

ಸಿಂಹಗಡ ರಸ್ತೆಯ ಆಚೆ ಕಿರ್ಕಟವಾಡಿಯಲ್ಲಿ ನಮ್ಮದು ಎರಡು ಗುಂಟೆ ಜಾಗ. ಮುಂದೆ ಮನೆ, ಹಿಂದೆ ನುಗ್ಗೆ ಮರ, ಅದರ ಬುಡದಲ್ಲಿ ಕೋಳಿಗೂಡು. ಆರು ಹೇಂಟೆ, ಒಂದು ಹುಂಜ. ಎಲ್ಲವೂ ಜವಾರಿ. ನಮ್ಮ ಅವ್ವ ಇಂಡಿಯಿಂದ ಬುಟ್ಟಿಯಲ್ಲಿ ಕಳಿಸಿದ ಕೋಳಿಗಳ ಸಂತಾನ. ನಾವು ಮನೆ ಕಟ್ಟಿದಾಗ ಇಲ್ಲಿ ಗ್ರಾಮ ಪಂಚಾಯಿತಿ ಇತ್ತು, ಕೋಳಿಯ ವಿಷಯ ಯಾರೂ ಎತ್ತುತ್ತಿರಲಿಲ್ಲ. 2021ರ ಜೂನ್ ಕೊನೆಗೆ ಪುಣೆ ಮಹಾನಗರಪಾಲಿಕೆಗೆ 23 ಹಳ್ಳಿಗಳು ಸೇರಿದವು, ನಮ್ಮದೂ ಸೇರಿತು. ಸಂಜೆ ಹಳ್ಳಿಯಲ್ಲಿ ಗೂಡು ಸೇರಿದ ಕೋಳಿ ಬೆಳಿಗ್ಗೆ ಮಹಾನಗರದಲ್ಲಿ ಇಳಿಯಿತು.

ಈಗ ಪಕ್ಕದ ಜಾಗದಲ್ಲಿ ಏಳು ಮಹಡಿ ಎದ್ದಿದೆ. ಆ ಸೊಸೈಟಿಯವರು ಟೈಪು ಮಾಡಿದ ಕಾಗದವೊಂದನ್ನು ನಮ್ಮ ಗೇಟಿಗೆ ಸಿಕ್ಕಿಸಿ ಹೋಗಿದ್ದಾರೆ: ‘ವಸತಿ ವಲಯದಲ್ಲಿ ಕೋಳಿ ಸಾಕಣೆ ನಿಷಿದ್ಧ, ತೆರವು ಮಾಡದಿದ್ದರೆ ದೂರು ಕೊಡುತ್ತೇವೆ.’ ಯಾವ ನಿಯಮ, ಯಾವ ಕಲಂ, ಒಂದೂ ಇಲ್ಲ. ಕೆಳಗೆ ಸೊಸೈಟಿಯ ಮೊಹರು ಮಾತ್ರ ಇದೆ.

ತಪ್ಪಿಸಿಕೊಳ್ಳುವ ದಾರಿ ನನಗೆ ಬೇಡ. ನಮ್ಮ ಓಣಿಯಲ್ಲಿ ಕೋಳಿ ಇಟ್ಟವರು ಬೇಕಾದಷ್ಟು ಜನ. ಈ ಕಾಗದ ಕಂಡ ಮೇಲೆ ಎಲ್ಲರೂ ಬುಟ್ಟಿ ಕವುಚಿ ಸುಮ್ಮನಾಗಿದ್ದಾರೆ. ನನಗೆ ಹಾಗೆ ಕದ್ದು ಸಾಕುವುದು ಇಷ್ಟವಿಲ್ಲ. ಮನೆಬಳಕೆಗೆ ಕೆಲವು ಕೋಳಿ ಇಟ್ಟುಕೊಳ್ಳಬಹುದು ಎಂದು ನಿಯಮದಲ್ಲೇ ಬರೆಸಬೇಕು. ಹೆಂಗಸರ ಸಹಿ ಸಂಗ್ರಹಿಸಲು ನಾನು ಸಿದ್ಧ. ಅರ್ಜಿ ಕೊಡಬೇಕಾದದ್ದು ಯಾರಿಗೆ? ವಾರ್ಡ್ ಕಚೇರಿಗೋ, ಆಯುಕ್ತರಿಗೋ, ಮುಂಬೈಗೋ?

ಇನ್ನೊಂದು ಮಾತು. ಕೋಳಿ ಉದ್ಯಮದ ದೊಡ್ಡ ಕಂಪನಿ ವೆಂಕಟೇಶ್ವರ ಹ್ಯಾಚರೀಸ್‌ನ ನೆಲೆ ಇದೇ ಪುಣೆ. ದೇಶಕ್ಕೆಲ್ಲ ಮೊಟ್ಟೆ ತಿನ್ನಲು ಕಲಿಸಿದ ಊರಿನಲ್ಲಿ ಮೊಟ್ಟೆ ಇಡುವವಳಿಗೆ ಜಾಗವಿಲ್ಲವೆಂದರೆ ನಗಬೇಕೋ ಅಳಬೇಕೋ ತಿಳಿಯದು.

ಡೊಂಬಿವಲಿ ವಕೀಲ:

ಅಕ್ಕಾವರೇ, ಮೊದಲು ಆ ಕಾಗದಕ್ಕೆ ಹೆದರಬೇಡಿ. ಸೊಸೈಟಿಯ ಮೊಹರಿನ ಅಧಿಕಾರ ಅದರ ಕಾಂಪೌಂಡಿನ ಒಳಗಷ್ಟೇ. ನಿಮ್ಮದು ಸ್ವಂತ ಪ್ಲಾಟು, ಅವರ ಉಪವಿಧಿ ನಿಮಗೆ ತಟ್ಟುವುದಿಲ್ಲ.

ಆದರೆ ನಿಮ್ಮ ಕೋಳಿಗೂಡಿಗೆ ಎರಡು ಬೀಗಗಳಿವೆ. ಒಂದನ್ನು ತೆರೆದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಮೊದಲನೆಯದು ಜಮೀನಿನ ಬಳಕೆ. ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರ್‌ನಿಂದ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಜಾರಿಯಲ್ಲಿದೆ. ಎಲ್ಲರೂ ಯುಡಿಸಿಪಿಆರ್ ಎನ್ನುತ್ತಾರೆ. ಮುಂಬೈ ಮತ್ತು ಇನ್ನು ಕೆಲವು ಪ್ರದೇಶ ಬಿಟ್ಟು ಪುಣೆಗೂ ನಮ್ಮ ಕಲ್ಯಾಣ-ಡೊಂಬಿವಲಿಗೂ ಅದೊಂದೇ ಪುಸ್ತಕ. ಯಾವ ವಲಯದಲ್ಲಿ ಏನು ನಡೆಯಬಹುದು ಎಂಬುದೆಲ್ಲ ಅದರಲ್ಲಿದೆ. ಅದನ್ನು ಮಂಜೂರು ಮಾಡಿದ್ದು ರಾಜ್ಯ ಸರಕಾರದ ನಗರಾಭಿವೃದ್ಧಿ ಇಲಾಖೆ. ಆದ್ದರಿಂದ ಪಾಲಿಕೆ ತಾನೊಂದೇ ಕುಳಿತು ಒಂದು ಸಾಲನ್ನೂ ತಿದ್ದಲಾರದು. 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ ಕಲಂ 37ರಲ್ಲಿ ಸಣ್ಣ ಮಾರ್ಪಾಡಿನ ದಾರಿ ಇದೆ. ಪಾಲಿಕೆ ರಾಜ್ಯಪತ್ರದಲ್ಲೂ ಪತ್ರಿಕೆಯಲ್ಲೂ ಸೂಚನೆ ಹೊರಡಿಸಬೇಕು, ಜನರಿಗೆ ಆಕ್ಷೇಪ-ಸಲಹೆ ಕೊಡಲು ಒಂದು ತಿಂಗಳು ಬಿಡಬೇಕು, ಅಹವಾಲು ಕೇಳಿ ಕಡತವನ್ನು ಸರಕಾರಕ್ಕೆ ಕಳಿಸಬೇಕು. ಕೊನೆಯ ಸಹಿ ಮುಂಬೈಯದು.

ಎರಡನೆಯ ಬೀಗ ಉಪದ್ರವ. ಇದು 1949ರ ಮಹಾನಗರಪಾಲಿಕೆ ಕಾಯ್ದೆಯ ಕೆಳಗೆ ಬರುತ್ತದೆ. ಆರೋಗ್ಯ, ಸ್ವಚ್ಛತೆಯ ಬಗ್ಗೆ ಉಪವಿಧಿ ಮಾಡುವ ಅಧಿಕಾರ ಪಾಲಿಕೆಗೆ ಇದೆ, ಅದಕ್ಕೂ ಸರಕಾರದ ಒಪ್ಪಿಗೆ ಬೇಕು. ಇದರ ಹೊರತಾಗಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152 ಹಿಡಿದು ಪಕ್ಕದವರು ಕಾರ್ಯಪಾಲಕ ದಂಡಾಧಿಕಾರಿಯ ಮುಂದೆ ಹೋಗಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಕಲಂ 133 ಆಗಿತ್ತು. ವಲಯದಲ್ಲಿ ಅನುಮತಿ ಇದ್ದರೂ ನಾತ ಹೊಡೆದರೆ ದೂರು ನಿಲ್ಲುತ್ತದೆ.

ನಿಮ್ಮ ಮೊದಲ ಕೆಲಸ ಅರ್ಜಿಯಲ್ಲ, ಝೋನ್ ದಾಖಲೆ. ನಿಮ್ಮ ಜಮೀನಿನ ಗಟ್ ನಂಬರು (ಸರ್ವೆ ನಂಬರಿನಂಥದ್ದು) ಕೊಟ್ಟು ಅದನ್ನು ತೆಗೆಸಿ. ಜಾಗ ಹಳೆಯ ಗಾವಠಾಣದೊಳಗೆ, ಅಂದರೆ ಹಳ್ಳಿಯ ಮೂಲ ಜನವಸತಿಯೊಳಗೆ ಇದೆಯೋ, ವಸತಿ ವಲಯವೋ, ಕಾಗದದ ಮೇಲೆ ಇನ್ನೂ ಕೃಷಿ ವಲಯವೋ ನೋಡಿ. 23 ಹಳ್ಳಿಗಳ ವಿಕಾಸ ಯೋಜನೆಯ ಹೊಣೆಯನ್ನು 2021ರಲ್ಲಿ ಪುಣೆ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಪಿಎಂಆರ್‌ಡಿಎಗೆ ವಹಿಸಿದ್ದರು. ಹಾಗಾಗಿ ನಿಮ್ಮ ಜಾಗಕ್ಕೆ ಈಗ ಯಾವ ನಕ್ಷೆ ಲಾಗು ಎಂಬುದನ್ನೂ ಬರವಣಿಗೆಯಲ್ಲೇ ಕೇಳಿ. ಸೊಸೈಟಿಯವರು ವಸತಿ ವಲಯ ಎಂದರೆಂದು ಅದು ವಸತಿ ವಲಯವಾಗಿಬಿಡುವುದಿಲ್ಲ.

ರಾತ್ರಿಪಾಳಿ (ಧಾಯರಿ):

ಎಲ್ಲರೂ ಅಕ್ಕನ ಪರವಾಗಿ ಬರೆಯುವ ಮೊದಲು ಎದುರಿನವರ ಮಾತನ್ನೂ ಕೇಳಿ. ನಾನು ಹಿಂಜವಡಿಯಲ್ಲಿ ರಾತ್ರಿ ಕೆಲಸ ಮಾಡಿ ನಸುಕಿಗೆ ಮನೆ ಸೇರುತ್ತೇನೆ. ಕಣ್ಣು ಹತ್ತುವ ಹೊತ್ತಿಗೆ ಕೆಳಗಿನ ಚಾಳಿನ ಹುಂಜ ಶುರುಮಾಡುತ್ತದೆ. ಒಂದು ಸಲ ಕೂಗಿ ಸುಮ್ಮನಾಗುವ ಪ್ರಾಣಿಯಲ್ಲ ಅದು. ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು, ವಸತಿ ಪ್ರದೇಶದ ಮಿತಿ 45 ಡೆಸಿಬೆಲ್. ಹುಂಜಕ್ಕೆ ಯಾರು ಓದಿ ಹೇಳಬೇಕು?

ಚೆಲ್ಲಿದ ಕಾಳಿಗೆ ಹೆಗ್ಗಣ ಬರುತ್ತವೆ. 2025ರ ಜನವರಿಯನ್ನು ಮರೆತಿರಾ? ನಿಮ್ಮದೇ ಕಿರ್ಕಟವಾಡಿ, ಪಕ್ಕದ ನಾಂದೇಡ್ ಹಳ್ಳಿ, ನಮ್ಮ ಧಾಯರಿಯಲ್ಲಿ ಜಿಬಿಎಸ್ (ಗಿಲಾನ್-ಬಾರೆ ಸಿಂಡ್ರೋಮ್ ಎಂಬ ನರರೋಗ) ಹಬ್ಬಿ ಜನ ಕೈಕಾಲು ಸೋತು ವೆಂಟಿಲೇಟರ್ ಮೇಲೆ ಮಲಗಿದ್ದರು. ಆಗ ಖಡಕವಾಸಲಾ ಸುತ್ತಲಿನ ಕೋಳಿ ಫಾರಂಗಳಿಂದ ಮಾದರಿ ತೆಗೆದುಕೊಂಡು ಹೋದರು. ಆ ಭಯ ಇನ್ನೂ ಆರಿಲ್ಲ. ಏಳು ಮಹಡಿಯವರು ಸುಮ್ಮನೆ ಸೊಕ್ಕಿನಿಂದ ಬರೆದಿದ್ದಾರೆ ಎಂದುಕೊಳ್ಳಬೇಡಿ.

ಇಂಡಿ ಲಿಂಬೆ:

ತಮ್ಮಾ, ನಿನ್ನ ನಿದ್ದೆಯ ಮಾತು ಒಪ್ಪುತ್ತೇನೆ. ಹುಂಜ ಇಲ್ಲದಿದ್ದರೆ ಮರಿ ಎಲ್ಲಿಂದ ತರಲಿ ಎಂಬುದೊಂದೇ ನನ್ನ ತಕರಾರು. ಅಂಗಡಿಯಲ್ಲಿ ಸಿಗುವ ಬಣ್ಣದ ಮರಿ ನನಗೆ ಬೇಡ. ಜಿಬಿಎಸ್ ಸಮಯದಲ್ಲಿ ನಮ್ಮ ಓಣಿಯವರೂ ಆಸ್ಪತ್ರೆಯಲ್ಲಿದ್ದರು, ನಾವು ನೀರನ್ನು ಕುದಿಸಿ ಕುದಿಸಿ ಕುಡಿದೆವು. ಆಗಲೂ ಜನ ಕೋಳಿಯನ್ನೇ ದಿಟ್ಟಿಸಿ ನೋಡಿದರು. ಡಾಕ್ಟರು ಯಾರಾದರೂ ಇದ್ದರೆ ಇದನ್ನು ಬಿಡಿಸಿ ಹೇಳಲಿ.

ನಿವೃತ್ತ ಪಶುವೈದ್ಯ (ಕೋಥ್ರೂಡ್):

ಬೀದರ್ ಕಡೆ ಸೇವೆ ಮುಗಿಸಿ ಮಗನ ಮನೆಯಲ್ಲಿದ್ದೇನೆ. ಬಿಡಿಸಿಯೇ ಹೇಳುತ್ತೇನೆ.

ಜಿಬಿಎಸ್ ರೋಗಿಗಳ ಮಲದ ಮಾದರಿಗಳಲ್ಲಿ ಸಿಕ್ಕದ್ದು ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ. ಅದು ಕೋಳಿಯ ಕರುಳಿನಲ್ಲಿ ಕೋಳಿಗೆ ಏನೂ ತೊಂದರೆ ಕೊಡದೆ ಇರಬಲ್ಲದು. ಹಿಕ್ಕೆ ನೀರಿಗೆ ಸೇರಿದರೆ ಅಥವಾ ಮಾಂಸ ಸರಿಯಾಗಿ ಬೇಯದಿದ್ದರೆ ಮನುಷ್ಯನಿಗೆ ದಾಟುತ್ತದೆ. ಆದ್ದರಿಂದ ಭಯಕ್ಕೆ ಬುಡವಿಲ್ಲ ಎಂದು ನಾನು ಹೇಳುವುದಿಲ್ಲ. ಗೂಡು ಬಾವಿಯಿಂದ, ನೀರಿನ ಟಾಕಿಯಿಂದ ದೂರ ಇರಬೇಕು. ಹಿಕ್ಕೆಯನ್ನು ಒಣ ಎಲೆ, ಹೊಟ್ಟಿನೊಂದಿಗೆ ಕಳಿಯಿಸಿಯೇ ಗಿಡಕ್ಕೆ ಹಾಕಬೇಕು. ಗೂಡು ಮುಟ್ಟಿದ ಕೈಗೆ ಸಾಬೂನು ಬೀಳಬೇಕು, ಮಕ್ಕಳ ಕೈಗಂತೂ ಬೀಳಲೇಬೇಕು. ಕಾಳನ್ನು ರಾತ್ರಿ ಹೊರಗೆ ಬಿಡದಿದ್ದರೆ ಹೆಗ್ಗಣದ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ನನ್ನನ್ನು ಹೆಚ್ಚು ಹೆದರಿಸುವುದು ಹಕ್ಕಿಜ್ವರ. ದೇಶದಲ್ಲಿ ಮೊದಲು ಅದು ಪತ್ತೆಯಾದದ್ದು ಇದೇ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ, 2006ರ ಫೆಬ್ರುವರಿಯಲ್ಲಿ. ಸೋಂಕು ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರಿನವರೆಗೆ ಕಣ್ಗಾವಲು ಇಡುತ್ತಾರೆ. ಫಾರಂ ಕೋಳಿ, ಹಿತ್ತಿಲ ಕೋಳಿ ಎಂಬ ಭೇದವಿಲ್ಲ. ಕೊಂದ ಕೋಳಿಗೆ ಪರಿಹಾರವಿದೆ. ಆದರೂ ಇಲಾಖೆಯ ಜನ ಬಾಗಿಲಿಗೆ ಬಂದಾಗ ಹಳ್ಳಿಯವರು ಕೋಳಿಯನ್ನು ಬಚ್ಚಲಲ್ಲಿ, ಅಟ್ಟದ ಮೇಲೆ ಬಚ್ಚಿಡುತ್ತಾರೆ.

ನಿಮ್ಮ ಅರ್ಜಿಯ ಗಟ್ಟಿ ವಾದ ಇಲ್ಲಿಯೇ ಇದೆ. ‘ನಮ್ಮ ಹಕ್ಕು, ನಮ್ಮ ಪದ್ಧತಿ’ ಎಂದು ಬರೆದರೆ ಅಧಿಕಾರಿಗಳು ಕಡತ ಮುಚ್ಚುತ್ತಾರೆ. ಇವತ್ತು ನಿಮ್ಮ ಓಣಿಯಲ್ಲಿ ಎಷ್ಟು ಕೋಳಿಗಳಿವೆ ಎಂದು ಯಾರಿಗೂ ಗೊತ್ತಿಲ್ಲ, ಎಲ್ಲವೂ ಬುಟ್ಟಿಯ ಕೆಳಗಿವೆ. ನೋಂದಣಿ ಇದ್ದರೆ ಯಾವ ಮನೆಯಲ್ಲಿ ಎಷ್ಟಿವೆ, ಕೊಕ್ಕರೆ ರೋಗದ (ಕೋಳಿಗೆ ಬರುವ ರಾಣಿಖೇತ್ ರೋಗ) ಲಸಿಕೆ ಆಗಿದೆಯೇ, ಮೊನ್ನೆ ಸತ್ತದ್ದು ಏಕೆ ಎಂದು ಕೇಳಬಹುದು. ನಿಷೇಧಿಸಿದರೆ ಕೋಳಿ ಹೋಗುವುದಿಲ್ಲ, ಪಟ್ಟಿ ಮಾತ್ರ ಹೋಗುತ್ತದೆ. ಇದನ್ನು ಮೊದಲ ಪುಟದಲ್ಲೇ ಹಾಕಿ.

ಹುಂಜದ ವಿಷಯ ಸುಲಭ. ಹೇಂಟೆಗೆ ಮೊಟ್ಟೆ ಇಡಲು ಹುಂಜ ಬೇಡ, ಮರಿಗಷ್ಟೇ ಬೇಕು. ಹಳ್ಳಿಯಲ್ಲಿರುವ ನೆಂಟರ ಮನೆಗೆ ಹುಂಜವನ್ನೂ ಎರಡು ಹೇಂಟೆಯನ್ನೂ ಕೊಡಿ. ನಿಮ್ಮ ಕೋಳಿ ಕಾವಿಗೆ ಕೂತಾಗ ಅಲ್ಲಿಂದ ತಾಜಾ ಮೊಟ್ಟೆ ತಂದು ಅದರ ಕೆಳಗೆ ಇಡಿ, 21 ದಿನಕ್ಕೆ ಮರಿ ಬರುತ್ತದೆ. ತಳಿ ನಿಮ್ಮದೇ. ಒಂದು ಎಚ್ಚರ: ಆ ಮರಿಗಳಲ್ಲಿ ಅರ್ಧ ಹುಂಜಗಳೇ ಆಗುತ್ತವೆ, ಕೂಗು ಕಲಿಯುವ ಮೊದಲು ಅವನ್ನೂ ಹಳ್ಳಿಗೆ ಸಾಗಿಸಬೇಕು.

ಮಡಗಾಂವ್ ಮಾವ:

ಇಲ್ಲಿ ಗೋವೆಯ ವಾಡೆಗಳಲ್ಲಿ ಕೋಳಿ ರಸ್ತೆ ದಾಟುವುದನ್ನು ಕಾದು ಬಸ್ಸೇ ನಿಲ್ಲುತ್ತದೆ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಗಾಂವಠಿ (ಜವಾರಿ) ಮೊಟ್ಟೆಗೆ ಹೇಳಿದ್ದೇ ಬೆಲೆ. ನಿಮ್ಮ ಸೊಸೈಟಿಯವರಿಗೆ ವಾರಕ್ಕೆ ನಾಲ್ಕು ಮೊಟ್ಟೆ ಕೊಟ್ಟು ನೋಡಿದಿರಾ? ಕಲಂ 37ಕ್ಕಿಂತ ಬೇಗ ಕೆಲಸ ಮಾಡೀತು.

ಡೊಂಬಿವಲಿ ವಕೀಲ:

ಮಾವ, ಪುಕ್ಕಟೆ ಕೊಟ್ಟರೆ ಸ್ನೇಹ, ಕಾಸು ಪಡೆದರೆ ವ್ಯಾಪಾರ. ಅಕ್ಕಾವರೇ, ಅರ್ಜಿಯಲ್ಲಿ ‘ಮಾರಾಟವಿಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ.

ಬಾಣೇರ್ ಅಜ್ಜಿ:

ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಅವಳ ನೆರೆಯವರ ಹಿತ್ತಿಲಲ್ಲಿ ಕೋಳಿ ಕಂಡು ನನಗೆ ನಂಬಿಕೆಯೇ ಬರಲಿಲ್ಲ, ವಿಮಾನದ ಕಾರ್ಖಾನೆ ಇರುವ ಊರು ಅದು! ಅಲ್ಲಿ 2010ರಲ್ಲಿ ನಿಯಮ ತಿದ್ದಿ ಮನೆಗೆ ಮೂರು ಕೋಳಿ ಇದ್ದದ್ದನ್ನು ಎಂಟಕ್ಕೆ ಏರಿಸಿದರಂತೆ, ಹೊಸದಾಗಿ ಹುಂಜ ತರುವುದನ್ನು ನಿಲ್ಲಿಸಿದರಂತೆ. ಕೆನಡಾದ ವ್ಯಾಂಕೂವರ್ ಕೂಡ ಅದೇ ವರ್ಷ ನಾಲ್ಕು ಹೇಂಟೆಗೆ ಒಪ್ಪಿತು, ಹುಂಜಕ್ಕಿಲ್ಲ. ಅಧಿಕಾರಿಗಳು ಪರದೇಶದ ಮಾತಿಗೆ ಬೇಗ ಕಿವಿಗೊಡುತ್ತಾರೆ, ಸೇರಿಸಿಕೊಳ್ಳಮ್ಮ. ಅವರೇ ‘ಅದು ಅಮೆರಿಕ’ ಎಂದರೆ ಕಿರ್ಕಟವಾಡಿಯ ಕೋಳಿ ಅದಕ್ಕಿಂತ ಹಳೆಯದು ಎನ್ನು.

ರಾತ್ರಿಪಾಳಿ:

ಹುಂಜ ಇಲ್ಲ, ನೋಂದಣಿ ಇದೆ, ಗೂಡು ಗೋಡೆಯಿಂದ ದೂರ ಎಂದಾದರೆ ನನ್ನ ಆಕ್ಷೇಪ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧ ತಪಾಸಣೆಯದು. ನಿಯಮ ಬರೆದ ಮೇಲೆ ನೋಡಲು ಬರುವವರು ಯಾರು? ಆರು ಎಂದು ಬರೆಸಿ ಅರವತ್ತು ಸಾಕಿ ಮಾಂಸದ ಅಂಗಡಿಗೆ ಕೊಡುವವರು ಇದ್ದೇ ಇರುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯೂ ಸಾವಿರಾರು ಕೋಳಿಗಳ ಫಾರಂಗಳನ್ನು ನೋಡುತ್ತದೆಯೇ ಹೊರತು ಇವರನ್ನು ನೋಡುವುದಿಲ್ಲ.

ಇಂಡಿ ಲಿಂಬೆ:

ತಮ್ಮಾ, ಅದಕ್ಕೊಂದು ದಾರಿ ಬರೆದಿದ್ದೇನೆ. ಎಲ್ಲರ ಮಾತು ಸೇರಿಸಿ ಕರಡು ಹೀಗಾಗಿದೆ:

‘ಸ್ವತಂತ್ರ ಪ್ಲಾಟಿನ ಮನೆಯಲ್ಲಿ, ಮನೆಬಳಕೆಗಾಗಿ ಮಾತ್ರ, ಆರು ಹೇಂಟೆಗಳವರೆಗೆ ಸಾಕಬಹುದು. ಹುಂಜ ಇರಕೂಡದು. ಗೂಡು ಪಕ್ಕದ ಮನೆಯ ಕಿಟಕಿಯಿಂದಲೂ ಬಾವಿ, ಟಾಕಿಯಿಂದಲೂ ನಿಗದಿತ ದೂರದಲ್ಲಿರಬೇಕು. ಮೊಟ್ಟೆ, ಮಾಂಸ ಮಾರಬಾರದು, ಹಿತ್ತಿಲಲ್ಲಿ ಕೊಯ್ಯಬಾರದು. ಪ್ರತಿ ವರ್ಷ ಲಸಿಕೆಯ ಚೀಟಿ ತೋರಿಸಿ ನೋಂದಣಿ ನವೀಕರಿಸಬೇಕು. ಅಸಹಜವಾಗಿ ಕೋಳಿ ಸತ್ತರೆ ಅದೇ ದಿನ ಪಶುವೈದ್ಯಕೀಯ ದವಾಖಾನೆಗೆ ತಿಳಿಸಬೇಕು. ಅಕ್ಕಪಕ್ಕದ ಎರಡು ಮನೆಯವರು ಬರವಣಿಗೆಯಲ್ಲಿ ದೂರಿದರೆ ತಪಾಸಣೆ ನಡೆಯಬೇಕು, ದೂರು ನಿಜವಾದರೆ ನೋಂದಣಿ ರದ್ದು.’

ಕೊನೆಯ ವಾಕ್ಯ ನಿನಗಾಗಿ. ನೋಡಲು ಅಧಿಕಾರಿಗಳು ಬಾರದಿದ್ದರೂ ಪಕ್ಕದ ಮನೆಯವರಂತೂ ದಿನವೂ ನೋಡುತ್ತಾರೆ.

ಡಾಕ್ಟರೇ, ದೂರ ಎಷ್ಟು ಮೀಟರು ಎಂದು ನೀವೇ ತುಂಬಿಕೊಡಿ. ಎರಡು ಗುಂಟೆಯಲ್ಲಿ ಹಿಡಿಸುವಷ್ಟಿರಲಿ, ಇಲ್ಲದಿದ್ದರೆ ನಿಯಮ ಬಂದೂ ಬಾರದ ಹಾಗೆ. ಹುಂಜ ಪಾನಶೆತ್ ಕಡೆಯ ನಾದಿನಿಯ ಮನೆಗೆ ಹೋಗುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಕಳಿಸುತ್ತಿದ್ದೇನೆ ಎಂಬುದೂ ಇಲ್ಲಿ ದಾಖಲಾಗಲಿ. ಝೋನ್ ದಾಖಲೆಗೆ ಅರ್ಜಿ ಹಾಕಿದ್ದೇನೆ. ಮಾವ, ಮೊಟ್ಟೆ ಕೊಟ್ಟು ನೋಡಿದೆ. ಸೊಸೈಟಿಯ ಕಾರ್ಯದರ್ಶಿಗಳು ಶುದ್ಧ ಸಸ್ಯಾಹಾರಿಗಳು.

ನನ್ನ ಮರಾಠಿ ತರಕಾರಿ ಕೊಳ್ಳಲು ಸಾಕು, ಸರಕಾರಕ್ಕೆ ಬರೆಯಲು ಸಾಲದು. ಈ ಕರಡನ್ನು ಕಚೇರಿಯ ಮರಾಠಿಯಲ್ಲಿ ಬರೆದುಕೊಡುವವರು ಯಾರಿದ್ದೀರಿ? ನಾಂದೇಡ್, ನಾಂದೋಶಿ, ಖಡಕವಾಸಲಾ ಕಡೆಯ ಕನ್ನಡಿಗರ ಮನೆಗಳಲ್ಲಿ ಕೋಳಿ ಇದ್ದರೆ ಬುಟ್ಟಿ ಎತ್ತಿ ಹೆಸರು ಕೊಡಿ, ಸಹಿಗೆ ನಾನೇ ಬರುತ್ತೇನೆ.