ಅಮ್ಮನ ಜೊತೆ ಮೊದಲ ಸಲ ಟೋಕಿಯೋ: ಊರೊಳಗಿನ ಓಡಾಟ ಹೇಗೆ?

ತುಂಗಾತೀರದವಳು:

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಟೋಕಿಯೋಗೆ ಹೊರಟಿದ್ದೇನೆ. ಬೆಂಗಳೂರಿಂದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ. ಹೋಟೆಲ್ ಅಸಾಕುಸಾದಲ್ಲಿ. ಅಮ್ಮನಿಗೆ ಈಗ 67. ಸಮತಟ್ಟಾದ ಕಡೆ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಮಂಡಿಗೆ ಆಗುವುದಿಲ್ಲ.

ರೈಲಿನ ನಕ್ಷೆ ನೋಡಿ ತಲೆ ಸುತ್ತಿತು. ನಮಗಿಬ್ಬರಿಗೂ ಜಪಾನಿ ಒಂದಕ್ಷರ ಬರುವುದಿಲ್ಲ. ಸೆನ್ಸೋಜಿ ದೇವಸ್ಥಾನ, ಉಎನೋ ಪಾರ್ಕ್, ಮೇಜಿ ಜಿಂಗು ಗುಡಿ, ಶಿಬುಯಾ ಬಡಾವಣೆ, ಆಮೇಲೆ ಎತ್ತರದಿಂದ ಇಡೀ ಊರು ಕಾಣುವ ಒಂದು ಜಾಗ, ಇಷ್ಟು ನೋಡುವ ಆಸೆ. ನರಿತಾದಿಂದ ಹೋಟೆಲ್‌ಗೆ ಹೇಗೆ ಹೋಗುವುದು? ಪಾಸ್ ತಗೋಬೇಕಾ? ಶಿಂಜುಕು ಸ್ಟೇಷನ್‌ನಲ್ಲಿ ದಾರಿ ತಪ್ಪೋದು ಗ್ಯಾರಂಟಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

ಗಿರಿನಗರ ಗೆಳೆಯ:

ಹೆದರಬೇಡಿ ಮೇಡಂ. ಏರ್‌ಪೋರ್ಟ್‌ನಲ್ಲೇ ಡೇಟಾ ಸಿಮ್ ಹಾಕಿಸಿಕೊಳ್ಳಿ, ಗೂಗಲ್ ಮ್ಯಾಪ್ ಹೇಳಿದ ಹಾಗೆ ಹೋಗಿ. ಯಾವ ಪ್ಲಾಟ್‌ಫಾರ್ಮ್, ಎಷ್ಟು ಗಂಟೆಗೆ ರೈಲು, ಎಲ್ಲಾ ಅದರಲ್ಲೇ ಬರುತ್ತದೆ. ಸ್ಟೇಷನ್ ಬೋರ್ಡುಗಳಲ್ಲಿ ಇಂಗ್ಲಿಷ್ ಕೂಡ ಇರುತ್ತದೆ.

ಎಡೋಗಾವಾ ಅಕ್ಕ:

ನಾನು ಇರುವುದು ಎಡೋಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿ. ಇಲ್ಲಿ ಇಂಡಿಯಾದವರು ಜಾಸ್ತಿ, ಹಾಗಾಗಿ ಊರಿಂದ ಬರುವ ಅಪ್ಪ ಅಮ್ಮಂದಿರೂ ಜಾಸ್ತಿ. ಅವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ. ಟೋಕಿಯೋದಲ್ಲಿ ಸ್ಟೇಷನ್ ಹೆಸರು ಗೊತ್ತಿದ್ದರೆ ಅರ್ಧ ದಾರಿ ಮಾತ್ರ ಗೊತ್ತಾದ ಹಾಗೆ. ಎಕ್ಸಿಟ್ ನಂಬರ್ ಗೊತ್ತಿರಬೇಕು. ರೂಮಿಂದ ಹೊರಡುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ.

ಯಾಕೆ ಅಂದರೆ ಶಿಂಜುಕು ಒಂದರಲ್ಲೇ 200ಕ್ಕಿಂತ ಜಾಸ್ತಿ ಎಕ್ಸಿಟ್ ಇವೆ. ಪೂರ್ವದ ಕಡೆ ಹೊರಗೆ ಬಂದು ಪಶ್ಚಿಮಕ್ಕೆ ಹೋಗಬೇಕಾದರೆ ಮತ್ತೆ ಸ್ಟೇಷನ್ ದಾಟಿ ಆ ಕಡೆಗೆ ಬರಬೇಕು. ನೆಲದಡಿಯಲ್ಲಿ ಫೋನಿನ ನೀಲಿ ಚುಕ್ಕಿ ಎಲ್ಲೆಲ್ಲೋ ಓಡಾಡುತ್ತಿರುತ್ತದೆ, ಅದನ್ನು ನಂಬುವ ಹಾಗಿಲ್ಲ. ಇಲ್ಲಿನ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸ ಅಂದರೆ ಬಡಾವಣೆ, ಬ್ಲಾಕ್, ಕಟ್ಟಡದ ನಂಬರ್ ಅಷ್ಟೇ. ಹಾಗಾಗಿ ಇಲ್ಲಿನವರು ಕೂಡ "ಇಂಥ ಸ್ಟೇಷನ್, ಇಂಥ ಎಕ್ಸಿಟ್" ಅಂತಲೇ ದಾರಿ ಹೇಳುತ್ತಾರೆ. ಸ್ಟೇಷನ್ ಒಳಗೆ ಹಳದಿ ಬೋರ್ಡ್ ಹುಡುಕಿ, ಎಕ್ಸಿಟ್ ನಂಬರ್ ಇರುವುದು ಅದರಲ್ಲೇ.

ನಿಮ್ಮ ಅಮ್ಮನ ಮಂಡಿಗೆ ಇದು ಇನ್ನೂ ಮುಖ್ಯ. ಹೆಚ್ಚು ಕಡಿಮೆ ಎಲ್ಲಾ ಸ್ಟೇಷನ್‌ನಲ್ಲೂ ಲಿಫ್ಟ್ ಇದೆ, ಆದರೆ ಪ್ರತಿ ಎಕ್ಸಿಟ್‌ಗೂ ಇಲ್ಲ. ಎಷ್ಟೋ ಕಡೆ ರಸ್ತೆಗೆ ಹೋಗುವ ಲಿಫ್ಟ್ ಒಂದೋ ಎರಡೋ ಎಕ್ಸಿಟ್‌ನಲ್ಲಿ ಮಾತ್ರ. ಗೇಟಿನ ಹತ್ತಿರ ಗೋಡೆ ಮೇಲೆ ಸ್ಟೇಷನ್ ನಕ್ಷೆ ಇರುತ್ತದೆ, ಲಿಫ್ಟ್ ಚಿತ್ರ ಯಾವ ಎಕ್ಸಿಟ್ ಪಕ್ಕ ಇದೆ ನೋಡಿ. ಸ್ವಲ್ಪ ಸುತ್ತಾದರೂ ಅಲ್ಲೇ ಹತ್ತಿ. ಮೇಲೆ ಬಂದ ಮೇಲೆ ರಸ್ತೆಯಲ್ಲಿ ನಡೆಯೋದು ಸುಲಭ, ಫುಟ್‌ಪಾತ್ ಚೆನ್ನಾಗಿರುತ್ತದೆ. ಟೋಕಿಯೋ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಯಾವ ಬೋಗಿ ಲಿಫ್ಟಿಗೆ ಹತ್ತಿರ ಅಂತ ಹಾಕಿರುವ ಪಟ್ಟಿಯೂ ಸಿಗುತ್ತದೆ. ನನ್ನ ಅತ್ತೆ ಬಂದಾಗ ನಮಗೆ ತುಂಬಾ ಅನುಕೂಲವಾಗಿದ್ದು ಅದೇ.

ಹೆಸರು ಓದೋಕೆ ಕಷ್ಟ ಆದರೆ ಅಕ್ಷರ ಮತ್ತು ಅಂಕಿ ನೋಡಿ. ಟೋಕಿಯೋ ಮೆಟ್ರೋದ ಗಿಂಜಾ ಲೈನಿನಲ್ಲಿ ಅಸಾಕುಸಾ ಜಿ 19, ಶಿಬುಯಾ ಜಿ 01. ಅಂಕಿ ಇಳಿಯುತ್ತಿದ್ದರೆ ಶಿಬುಯಾ ಕಡೆ ಹೋಗುತ್ತಿದ್ದೀರಿ, ಏರುತ್ತಿದ್ದರೆ ಹೋಟೆಲ್ ಕಡೆ. ಅಮ್ಮನಿಗೂ ಇದನ್ನು ಹೇಳಿಕೊಡಿ. ಒಬ್ಬರೇ ಆದರೂ ಧೈರ್ಯ ಇರುತ್ತದೆ.

ನರಿತಾದಿಂದ: ನಿಮ್ಮ ವಿಮಾನ ಟರ್ಮಿನಲ್ 2ಕ್ಕೆ ಬರುತ್ತದೆ, ಸ್ಟೇಷನ್ ಅದರ ನೆಲಮಾಳಿಗೆಯಲ್ಲೇ ಇದೆ. ಕೆಯ್ಸೆ ಕಂಪನಿಯ ಆಕ್ಸೆಸ್ ಎಕ್ಸ್‌ಪ್ರೆಸ್ ಹಿಡಿಯಿರಿ, ಬೋರ್ಡಿನಲ್ಲಿ ಕಿತ್ತಳೆ ಬಣ್ಣ. ಕೆಲವು ಗಾಡಿ ಉಎನೋಗೆ ಹೋಗಿ ನಿಲ್ಲುತ್ತವೆ. ನಿಮಗೆ ಬೇಕಾದದ್ದು "ಹನೇಡಾ ಏರ್‌ಪೋರ್ಟ್" ಅಂತ ಬರೆದಿರುವುದು. ಒಂದು ಏರ್‌ಪೋರ್ಟಿನಿಂದ ಇನ್ನೊಂದು ಏರ್‌ಪೋರ್ಟಿನ ಗಾಡಿ ಯಾಕೆ ಅಂತ ಅನುಮಾನ ಪಡಬೇಡಿ, ಅದೇ ಗಾಡಿ ಮಧ್ಯದಲ್ಲಿ ಅಸಾಕುಸಾ ಹಾದು ಹೋಗುತ್ತದೆ. ಒಂದು ಗಂಟೆ ಆಸುಪಾಸು, ಎಲ್ಲೂ ಗಾಡಿ ಬದಲಾಯಿಸಬೇಕಾಗಿಲ್ಲ.

ಹೋಟೆಲ್ ಯಾವ ಅಸಾಕುಸಾ ಸ್ಟೇಷನ್‌ಗೆ ಹತ್ತಿರ ಅಂತ ಈಗಲೇ ನೋಡಿಕೊಳ್ಳಿ. ಗಿಂಜಾ ಲೈನ್, ತೋಎ (ಟೋಕಿಯೋ ಸರ್ಕಾರದ ಸಬ್‌ವೇ) ಅಸಾಕುಸಾ ಲೈನ್, ತೋಬು ಕಂಪನಿಯ ರೈಲು ಮೂರೂ ಒಂದೇ ಕಡೆ ಇವೆ. ತ್ಸುಕುಬಾ ಎಕ್ಸ್‌ಪ್ರೆಸ್‌ನ ಅಸಾಕುಸಾ ಮಾತ್ರ ಸುಮಾರು 600 ಮೀಟರ್ ಪಶ್ಚಿಮಕ್ಕಿದೆ. ಸೂಟ್‌ಕೇಸ್ ಎಳೆದುಕೊಂಡು ಹೋಗುವಾಗ ಅದು ಸಣ್ಣ ದೂರ ಅಲ್ಲ.

ಪಾಸ್ ಬೇಡ. ಏರ್‌ಪೋರ್ಟ್ ಸ್ಟೇಷನ್‌ನಲ್ಲಿ ವೆಲ್‌ಕಮ್ ಸುಯಿಕಾ ಅಂತ ಹಣ ತುಂಬಿಸಿ ಗೇಟಿನಲ್ಲಿ ಮುಟ್ಟಿಸುವ ಕಾರ್ಡ್ ತಗೊಳ್ಳಿ, ಇಬ್ಬರಿಗೂ ಒಂದೊಂದು. ಡೆಪಾಸಿಟ್ ಇಲ್ಲ, 28 ದಿನ ನಡೆಯುತ್ತದೆ. ಉಳಿದ ಹಣ ವಾಪಸ್ ಬರುವುದಿಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪವೇ ತುಂಬಿಸಿ. ಕೈಯಲ್ಲಿ ನೋಟು ಇರಲಿ, ಕಾರ್ಡ್ ತುಂಬಿಸುವ ಎಷ್ಟೋ ಮೆಷಿನ್ ನೋಟು ಮಾತ್ರ ತಗೊಳ್ಳುತ್ತವೆ. 72 ಗಂಟೆಯ ಸಬ್‌ವೇ ಟಿಕೆಟ್ ಅಂತಲೂ ಒಂದಿದೆ. ಅದು ಟೋಕಿಯೋ ಮೆಟ್ರೋ, ತೋಎ ಎರಡರಲ್ಲೂ ನಡೆಯುತ್ತದೆ, ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ನಡೆಯುವುದಿಲ್ಲ. ಅಮ್ಮನ ಜೊತೆ ನಿಧಾನಕ್ಕೆ ಓಡಾಡುವವರಿಗೆ ಅದರ ದುಡ್ಡು ಹುಟ್ಟುವುದು ಕಷ್ಟ.

ತುಂಗಾತೀರದವಳು:

ಅಕ್ಕಾ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹನೇಡಾ ಅಂತ ಬರೆದ ಗಾಡಿ ಹತ್ತುವುದು ನನಗಂತೂ ಹೊಳೆಯುತ್ತಲೇ ಇರಲಿಲ್ಲ. ಎತ್ತರದ ಜಾಗಕ್ಕೆ ಶಿಂಜುಕುವಿನ ಸರ್ಕಾರಿ ಕಟ್ಟಡ ಚೆನ್ನಾಗಿದೆ ಅಂತ ಓದಿದೆ. ಆದರೆ ಆ ಸ್ಟೇಷನ್ನಿನದೇ ಭಯ. ಶಿಬುಯಾ, ಮೇಜಿ ಜಿಂಗು ಒಂದೇ ದಿನ ಆಗುತ್ತಾ?

ಎಡೋಗಾವಾ ಅಕ್ಕ:

ಸರ್ಕಾರಿ ಕಟ್ಟಡ ಖಂಡಿತ ನೋಡಿ. ಊರು ನೋಡುವ ಜಾಗ 202 ಮೀಟರ್ ಎತ್ತರದಲ್ಲಿದೆ, ಪ್ರವೇಶ ಉಚಿತ, ಲಿಫ್ಟ್ ನೇರ 45ನೇ ಮಹಡಿಗೆ ಹೋಗುತ್ತದೆ. ರಜಾ ದಿನ ಯಾವುದು ಅಂತ ಅವರ ಸೈಟಿನಲ್ಲಿ ನೋಡಿಕೊಂಡು ಹೊರಡಿ. ಶಿಂಜುಕು ಸ್ಟೇಷನ್ನಿಗೆ ಕಾಲಿಡಲೇಬೇಕಿಲ್ಲ. ಕಟ್ಟಡದ ಬುಡದಲ್ಲೇ ತೊಚೋಮಾಎ ಅಂತ ತೋಎ ಓಎಡೋ ಲೈನಿನ ಸ್ಟೇಷನ್ ಇದೆ.

ಅಸಾಕುಸಾದಿಂದ ಗಿಂಜಾ ಲೈನಿನಲ್ಲಿ ಉಎನೋ-ಹಿರೊಕೋಜಿ, ಜಿ 15. ಅಲ್ಲಿಂದ ನೆಲದಡಿಯಲ್ಲೇ ನಡೆದು ಉಎನೋ-ಒಕಾಚಿಮಾಚಿ, ಇ 09. ಮೆಟ್ರೋ ಗೇಟಿಂದ ಹೊರಗೆ ಬಂದು ತೋಎ ಗೇಟಿನೊಳಗೆ ಹೋಗಬೇಕು, ನಡೆಸುವವರು ಬೇರೆ. ಕಾರ್ಡ್ ಅದೇ. ಅಲ್ಲಿಂದ ಇ 08, ಇ 07 ಅಂತ ಅಂಕಿ ಕಡಿಮೆಯಾಗುತ್ತಾ ಹೋಗಿ ಇ 01 ಆದ ಮೇಲೆ ತಟ್ಟನೆ ಇ 28 ಬರುತ್ತದೆ. ಗಾಬರಿ ಬೇಡ, ಅದೇ ತೊಚೋಮಾಎ, ಇಳಿಯಬೇಕಾದದ್ದು ಅಲ್ಲೇ.

ಶಿಬುಯಾ, ಮೇಜಿ ಜಿಂಗು ಒಂದೇ ದಿನಕ್ಕೆ ಆರಾಮ. ಗಿಂಜಾ ಲೈನ್ ಏಷ್ಯಾದ ಮೊದಲ ಸಬ್‌ವೇ, 1927ರಲ್ಲಿ ಅಸಾಕುಸಾ–ಉಎನೋ ನಡುವೆ ಶುರುವಾಯಿತು. ಈಗ ನೀವು ಅಸಾಕುಸಾದಲ್ಲಿ ಹತ್ತಿದರೆ ಕೊನೆಯ ಸ್ಟೇಷನ್ ಶಿಬುಯಾ. ಹತ್ತುವುದೇ ಮೊದಲ ಸ್ಟೇಷನ್ ಆದ್ದರಿಂದ ಅಮ್ಮನಿಗೆ ಸೀಟು ಸಿಗುವ ಸಾಧ್ಯತೆ ಜಾಸ್ತಿ. ಶಿಬುಯಾ ತಗ್ಗಿನಲ್ಲಿದೆ, ಅಲ್ಲಿ ಈ ನೆಲದಡಿಯ ರೈಲು ಮೂರನೇ ಮಹಡಿಗೆ ಬಂದು ನಿಲ್ಲುತ್ತದೆ. ಶಿಬುಯಾದ ಹೆಸರಾದ ದೊಡ್ಡ ರಸ್ತೆ ಕ್ರಾಸಿಂಗ್‌ಗೆ "ಹಚಿಕೋ" ಅನ್ನುವ ಬೋರ್ಡ್ ಹಿಡಿದು ಹೋಗಿ.

ಶಿಬುಯಾದಿಂದ ಜೆಆರ್ ಯಾಮಾನೋತೆ ಲೈನಿನಲ್ಲಿ ಒಂದೇ ಸ್ಟೇಷನ್ ಹರಾಜುಕು, ಜೆವೈ 19. ಮೇಜಿ ಜಿಂಗುವಿನ ಹೆಬ್ಬಾಗಿಲು ಪಕ್ಕದಲ್ಲೇ. ಒಳಗಿನ ದಾರಿ ಪೂರ್ತಿ ಜಲ್ಲಿ, ಗುಡಿಗೆ ಹತ್ತು ನಿಮಿಷದ ನಡಿಗೆ. ಅಮ್ಮನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.

ಮಂಡ್ಯ ಮಾವ:

ನಾವು ನಮ್ಮ ತಂದೆಯವರ ಜೊತೆ ಹೋಗಿದ್ದೆವು. ಒಂದು ಮಾತು ಸೇರಿಸುತ್ತೇನೆ. ಉಎನೋ ಪಾರ್ಕಿಗೆ ಟ್ಯಾಕ್ಸಿ ಮಾಡಿ. ಅಸಾಕುಸಾದಿಂದ ಎರಡು ಕಿಲೋಮೀಟರ್ ಆಸುಪಾಸು. ಶುರುವಿನ ದರವನ್ನು 2022ರಲ್ಲಿ 500 ಯೆನ್ ಮಾಡಿದ್ದಾರೆ. ಅಷ್ಟು ದೂರಕ್ಕೆ ಇಬ್ಬರಿಗೆ ಭಾರ ಅನಿಸುವುದಿಲ್ಲ. ಸಬ್‌ವೇನಲ್ಲಿ ಹೋದರೆ ಪಾರ್ಕಿನ ಕೆಳಗೆ ಬರುತ್ತೀರಿ, ಆಮೇಲೆ ಏರು. ಟ್ಯಾಕ್ಸಿಯ ಹಿಂದಿನ ಬಾಗಿಲನ್ನು ಡ್ರೈವರೇ ಒಳಗಿಂದ ತೆರೆದು ಮುಚ್ಚುತ್ತಾರೆ, ನೀವು ಮುಟ್ಟಬೇಡಿ. ವಾಪಸ್ ಬರೋಕೆ ಹೋಟೆಲ್ ವಿಳಾಸ ಜಪಾನಿಯಲ್ಲೇ ಇರುವ ಕಾರ್ಡನ್ನು ಕೌಂಟರಿನಲ್ಲಿ ಕೇಳಿ ಅಮ್ಮನ ಪರ್ಸಿನಲ್ಲೂ ಒಂದು ಇಡಿ. ದಾರಿ ತಪ್ಪಿದರೆ ಮೂಲೆ ಮೂಲೆಯಲ್ಲಿ ಕೋಬಾನ್ ಅಂತ ಪುಟ್ಟ ಪೊಲೀಸ್ ಚೌಕಿ ಇರುತ್ತದೆ. ದಾರಿ ತೋರಿಸುವುದು ಅವರ ದಿನದ ಕೆಲಸ.

ಎಡೋಗಾವಾ ಅಕ್ಕ:

ಮಾವ ಹೇಳಿದ್ದು ನೂರಕ್ಕೆ ನೂರು ಸರಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ವಾರದ ದಿನಗಳಲ್ಲಿ ರೈಲು ಹತ್ತಬೇಡಿ. ಆ ಹೊತ್ತಿನಲ್ಲಿ ಸೆನ್ಸೋಜಿ ನೋಡಿ ಮುಗಿಸಿ, ಅಂಗಡಿ ತೆರೆಯುವ ಮೊದಲು ಅಲ್ಲಿ ಜನ ಕಡಿಮೆ. ಎಸ್ಕಲೇಟರ್‌ನಲ್ಲಿ ಎಡಕ್ಕೆ ನಿಲ್ಲಿ.

ಅಮ್ಮನಿಗೆ ಸಾರು ಅನ್ನ ಬೇಕು ಅನಿಸಿದರೆ ನಮ್ಮ ಕಡೆ ಬನ್ನಿ, ಇಂಡಿಯನ್ ಹೋಟೆಲ್, ದಿನಸಿ ಅಂಗಡಿ ಎರಡೂ ಇವೆ. ನಿಹೊಂಬಾಶಿಯಲ್ಲಿ ಗಿಂಜಾ ಲೈನ್ ಇಳಿದು ತೋಜಾಯಿ ಲೈನ್ ಹಿಡಿದರೆ ನಿಶಿ-ಕಸಾಯಿ ಟಿ 16. "ರ‍್ಯಾಪಿಡ್" ಅಂತ ಬರೆದದ್ದು ಮಾತ್ರ ಹತ್ತಬೇಡಿ. ಅದು ತೋಯೋಚೋ ಬಿಟ್ಟರೆ ನಿಲ್ಲುವುದು ಊರಯಾಸುವಿನಲ್ಲೇ, ನಮ್ಮ ಸ್ಟೇಷನ್ ಹಾರಿಸಿಕೊಂಡು ಹೋಗುತ್ತದೆ.