ಕೆರೆ ನೀರು ಟೆಸ್ಟ್ ಮಾಡ್ತಾ ಕ್ಲೈಮೇಟ್ ಸೈಂಟಿಸ್ಟ್ ಆಗ್ಬಹುದಾ?

ತುಂಗಾತೀರ:
ನಾನು ಎಂಎಸ್ಸಿ ಕೆಮಿಸ್ಟ್ರಿ ಕೊನೇ ವರ್ಷ. ಪ್ರಾಜೆಕ್ಟಿಗೆ ನಮ್ಮೂರ ಕೆರೆ ನೀರು ತಂದು ಡಿಓ (ನೀರಲ್ಲಿ ಕರಗಿರೋ ಆಕ್ಸಿಜನ್), ನೈಟ್ರೇಟ್, ಫಾಸ್ಫೇಟ್ ಎಲ್ಲ ನೋಡ್ತಾ ಇದೀನಿ, ಈ ಕೆಲ್ಸ ತುಂಬಾನೇ ಹಿಡಿಸಿಬಿಟ್ಟಿದೆ. ಮುಂದೆ ಗ್ರೀನ್‌ಹೌಸ್ ಗ್ಯಾಸ್ ಮೇಲೆ ಪಿಎಚ್‌ಡಿ ಮಾಡೋ ಆಸೆ, ಆದ್ರೆ ಕೇಳಿದವರೆಲ್ಲ ಅದು ಗಾಳಿ ಇದು ನೀರು, ಯಾವ್ದಾದ್ರೂ ಒಂದು ಹಿಡ್ಕೋ ಅಂತಾರೆ. ಮನೇಲಿ ಫಾರ್ಮಾ ಕಂಪನಿ ಸೇರ್ಕೋ ಅಂತ ಒತ್ತಾಯ. ಎರಡನ್ನೂ ಸೇರಿಸಿ ಕೆಲ್ಸ ಮಾಡೋರು ಇದಾರಾ?

ಕೆರೆಯಂಗಳ:
ಖಂಡಿತ ಇದೀವಿ, ನಾನೇ ಆ ಕೆಲಸದಲ್ಲಿದೀನಿ. ಗಾಳಿ ಬೇರೆ ನೀರು ಬೇರೆ ಅನ್ನೋರನ್ನ ಒಂದ್ಸಲ ಚರಂಡಿ ನೀರು ಬೀಳೋ ಕೆರೆಗೆ ಕರ್ಕೊಂಡು ಹೋಗಿ, ದಡದಲ್ಲಿ ಕೋಲು ಹಾಕಿ ಕೆಸರು ಕಲಕಿದ್ರೆ ಗುಳುಗುಳು ಅಂತ ಗುಳ್ಳೆ ಬರುತ್ತಲ್ಲ, ಅದ್ರಲ್ಲಿ ಮೀಥೇನ್ ಅನ್ನೋ ಗ್ರೀನ್‌ಹೌಸ್ ಗ್ಯಾಸ್ ಇರುತ್ತೆ. ಚರಂಡಿಯಿಂದ ಫಾಸ್ಫೇಟ್ ನೈಟ್ರೇಟ್ ಬಂದು ಪಾಚಿ ಬೆಳೆಯುತ್ತೆ, ಅದು ಸತ್ತು ತಳದಲ್ಲಿ ಕೊಳೆಯೋವಾಗ ಆಕ್ಸಿಜನ್ ಖಾಲಿ ಆಗುತ್ತೆ, ಆಮೇಲೆ ಆ ಕೆಸರಲ್ಲಿ ಮೀಥೇನ್ ಮಾಡೋ ಸೂಕ್ಷ್ಮಜೀವಿಗಳದ್ದೇ ಕಾರುಬಾರು. ನೀವು ಅಳೀತಿರೋ ಡಿಓ ಇಲ್ಲದೆ ಗ್ಯಾಸ್ ಯಾಕೆ ಬಂತು ಅಂತ ಹೇಳೋಕೇ ಆಗಲ್ಲ. ನಾವು ಥರ್ಮೋಕೋಲ್ ಕಟ್ಟಿದ ಬಕೆಟ್ ಬೋರಲು ಹಾಕಿ ನೀರ್ಮೇಲೆ ತೇಲಿಬಿಡ್ತೀವಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಸಿರಿಂಜಲ್ಲಿ ಒಳಗಿನ ಗಾಳಿ ಎಳೆದು ಸಣ್ಣ ಬಾಟ್ಲಿಗೆ ತುಂಬಿ ಜಿಸಿಗೆ (ಗ್ಯಾಸ್‌ಗಳನ್ನ ಬೇರ್ಪಡಿಸಿ ಅಳೆಯೋ ಯಂತ್ರ) ಹಾಕ್ತೀವಿ, ಗ್ಯಾಸ್ ಎಷ್ಟು ಬೇಗ ಏರ್ತಿದೆ ಅನ್ನೋದ್ರಿಂದ ಕೆರೆ ಎಷ್ಟು ಬಿಡ್ತಿದೆ ಅಂತ ಲೆಕ್ಕ ಸಿಗುತ್ತೆ. ಇನ್ನೊಂದು, ಡಿಓ ಬರೀ ಮಧ್ಯಾಹ್ನ ನೋಡ್ಬೇಡಿ, ಬಿಸಿಲಲ್ಲಿ ಪಾಚಿನೇ ಆಕ್ಸಿಜನ್ ಬಿಡ್ತಿರುತ್ತೆ, ಕೆಟ್ಟ ಕೆರೇನೂ ಚೆನ್ನಾಗಿರೋ ಹಾಗೆ ಕಾಣುತ್ತೆ. ಬೆಳಗಿನ ಜಾವ ಹೋಗಿ.

ಪಡುವಣ_ಕಡಲು:
ಗೋವಾದ ಎನ್‌ಐಓದಲ್ಲಿದ್ದ (ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ) ವಿಜ್ಞಾನಿ ಎಸ್.ಡಬ್ಲ್ಯೂ.ಎ. ನಖ್ವಿ ಅವರ ಕೆಲಸ ಓದಿ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹತ್ರ ಆಕ್ಸಿಜನ್ ಕಮ್ಮಿ ಇರೋ ಆಳದ ನೀರು ಮೇಲಕ್ಕೆ ಬರುತ್ತೆ, ಸೆಪ್ಟೆಂಬರ್ ಹೊತ್ತಿಗೆ ತಳದಲ್ಲಿ ಆಕ್ಸಿಜನ್ ಪೂರ್ತಿ ಹೋಗಿ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಡೋಕೆ ಶುರು ಮಾಡ್ತವೆ, ಆಗ ನೈಟ್ರಸ್ ಆಕ್ಸೈಡ್ ರಾಶಿ ರಾಶಿ ಹುಟ್ಟುತ್ತೆ. ಅವ್ರ ತಂಡ ಇದನ್ನ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬರೀತು, ಹೊಲದ ಗೊಬ್ಬರ ಸಮುದ್ರ ಸೇರೋದೂ ಇದಕ್ಕೆ ಕಾರಣ ಇರಬಹುದು ಅಂತ ತೋರಿಸಿದ್ರು. ನೂರು ವರ್ಷದ ಲೆಕ್ಕದಲ್ಲಿ ನೈಟ್ರಸ್ ಆಕ್ಸೈಡ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಬಿಸಿ ಮಾಡುತ್ತೆ. ಗೋವಾದ ಕ್ಯಾಂಡೋಲಿಂ ಎದುರಿನ ಕಡಲಲ್ಲಿ ಎನ್‌ಐಓದವರು 1997ರಿಂದ ಅದೇ ಜಾಗಕ್ಕೆ ದೋಣಿಲಿ ಹೋಗಿ ನೀರು ತರ್ತಾ ಬಂದಿದಾರೆ. ಅಷ್ಟು ತಾಳ್ಮೆ ಇದ್ರೆ ಮಾತ್ರ ಈ ಕಡೆ ಬನ್ನಿ ಅಂತೀನಿ.

ತುಂಗಾತೀರ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಪಿಎಚ್‌ಡಿಗೆ ನೆಟ್ ಪರೀಕ್ಷೆ ಬರೀಲೇಬೇಕಾ? ಕೆಮಿಸ್ಟ್ರಿ ಪೇಪರ್ರೇ ಸಾಕಾ?

ಕೆರೆಯಂಗಳ:
ಸಿಎಸ್‌ಐಆರ್ ನೆಟ್ ಕೆಮಿಕಲ್ ಸೈನ್ಸಸ್ ಬರೀರಿ, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದ್ರೆ ತಿಂಗಳಿಗೆ 37,000 ರೂಪಾಯಿ ಬರುತ್ತೆ, ಮನೇಲೂ ಒಪ್ಪಿಸೋಕೆ ಸುಲಭ. ಜೊತೆಗೆ ಗೇಟ್ ಪರೀಕ್ಷೆಯ ಎನ್ವಿರಾನ್‌ಮೆಂಟಲ್ ಪೇಪರ್ ಕೂಡ ನೋಡ್ಕೊಳ್ಳಿ. ಅದಕ್ಕಿಂತ ಮೊದ್ಲು ನಿಮ್ ಡಿಪಾರ್ಟ್‌ಮೆಂಟ್ ಜಿಸಿಗೆ ಯಾವ ಡಿಟೆಕ್ಟರ್ ಇದೆ ಕೇಳಿ ಇಲ್ಲಿ ಹಾಕಿ, ಎಫ್‌ಐಡಿ ಅನ್ನೋ ಡಿಟೆಕ್ಟರ್ ಇದ್ರೆ ಈ ಪ್ರಾಜೆಕ್ಟಲ್ಲೇ ಮೀಥೇನ್ ಅಳೀಬಹುದು, ಬಕೆಟ್ ಹೇಗೆ ಕಟ್ಟೋದು ಅಂತ ನಾನು ಹೇಳ್ಕೊಡ್ತೀನಿ.